ಮೇಘಶ್ರೀಗೆ ಹೇಳಿಕೊಟ್ಟ ಉತ್ತರ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಮನೆಯ ಅಡುಗೆಕೋಣೆಯವರೆಗೆ ಹೋಗಿ ಬಂದು, ಅಲ್ಲಿ ಕಂಡದ್ದನ್ನು ಹೊರಗೆ ಹೇಳುವುದು ಒಳ್ಳೆಯ ಅಭ್ಯಾಸವಲ್ಲ. ಕಾನೂನು ಓದಿದವರು ಹೇಳಿದ್ದರೆ ಇದಕ್ಕೆ ತೂಕ ಇರುತ್ತಿತ್ತು. ಪ್ರೇಮಕುಮಾರಿಯೇ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು, ಆದರೆ ಆಕೆ ಹೇಳುವುದಿಲ್ಲ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ತಪ್ಪು, ಆ ಮನೆಯವರದ್ದಲ್ಲ.

ಕಳಸದ ಪೇಟೆಯಲ್ಲಿ ಪ್ರಸನ್ನಕುಮಾರ್ ಅವರ ಅಂಗಡಿ ಎಸ್ಟೇಟಿನವರಿಗೆಲ್ಲ ಗೊತ್ತು. ಟಾರ್ಪಾಲು, ಗಮ್‌ಬೂಟು, ಗೋಣಿಚೀಲ, ಮೆಣಸು ಒಣಗಿಸುವ ಹಾಸು, ಎಲ್ಲ ಅಲ್ಲೇ ಸಿಗುತ್ತದೆ. ಅಂಗಡಿಯ ಹಿಂದೆಯೇ ಮನೆ, ಹಿತ್ತಲಲ್ಲಿ ಒಂದಿಷ್ಟು ಮೆಣಸಿನ ಬಳ್ಳಿ. ಮನೆಯಲ್ಲಿ ಅವರು, ಹೆಂಡತಿ ಪ್ರೇಮಕುಮಾರಿ, ತಾಯಿ ಸಾವಿತ್ರಮ್ಮ. ತಮ್ಮನ ಮಗಳು ರಶ್ಮಿ ಕಾಲೇಜಿಗೆಂದು ಬಂದು ಅಲ್ಲೇ ಉಳಿದಿದ್ದಳು. ಪ್ರೇಮಕುಮಾರಿಗೆ ಮಕ್ಕಳಾಗಲಿಲ್ಲ.

ಅಂಗಡಿಗೆ ಭಾನುವಾರಗಳಂದು ಹರಿದ ಚೀಲ ಹೊಲಿಯಲು ದ್ಯಾವಮ್ಮ ಎಂಬ ಹೆಂಗಸು ಬರುತ್ತಿದ್ದಳು. ಹತ್ತಿರದ ತೋಟವೊಂದರ ಕೂಲಿಯವರ ಲೈನುಮನೆಯಲ್ಲಿ ಇದ್ದವಳು. ಬಯಲುಸೀಮೆ ಕಡೆಯವಳು ಎಂಬುದು ಬಿಟ್ಟರೆ ಅವಳ ಊರು ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ನಾಲ್ಕು ವರ್ಷದ ಮಗು. ಒಂದು ವರ್ಷ ಕೊಯ್ಲಿನ ಹೊತ್ತಿಗೆ ದ್ಯಾವಮ್ಮನಿಗೆ ಕಾಮಾಲೆ ಬಂತು. ಮಗುವನ್ನು ಪ್ರೇಮಕುಮಾರಿಯ ಹತ್ತಿರ ಬಿಟ್ಟು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ, ಅಲ್ಲೇ ತೀರಿಕೊಂಡಳು. ಹದಿನೈದು ದಿನ ನೋಡೋಣ, ಕಡೆಯವರು ಯಾರಾದರೂ ಬಂದಾರು ಎಂದುಕೊಂಡರು. ಯಾರೂ ಬರಲಿಲ್ಲ. ತಾಯಿ ಮಗುವನ್ನು ಪಾಪು ಎಂದಷ್ಟೇ ಕರೆಯುತ್ತಿದ್ದಳು. ಪ್ರೇಮಕುಮಾರಿ ಮೇಘಶ್ರೀ ಎಂದು ಹೆಸರಿಟ್ಟಳು. ಹದಿನೈದು ದಿನ ಐದು ವರ್ಷವಾಯಿತು.

ಈ ವರ್ಷ ಫೆಬ್ರವರಿಯಲ್ಲಿ ಶಾಲೆಯಿಂದ ಮಾತು ಬಂತು. ಐದನೇ ಕ್ಲಾಸಿಗೆ ಬೇರೆ ಶಾಲೆಗೆ ಸೇರಬೇಕು, ಜನನ ಪತ್ರ ಬೇಕು, ಆಧಾರ್ ಬೇಕು, ತಂದೆಯ ಹೆಸರಿನ ಜಾಗ ಇಲ್ಲಿಯವರೆಗೆ ಖಾಲಿ ಇದೆ, ಇನ್ನು ಹಾಗೆ ಬಿಡಲು ಆಗುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಪ್ರಸನ್ನಕುಮಾರ್ ಹೇಳಿದರು, "ನಂಗೆ ಗೊತ್ತಿರೋ ಏಜೆಂಟ್ ಒಬ್ಬ ಇದ್ದಾನೆ. ಮನೇಲೇ ಹೆರಿಗೆ ಆಯ್ತು ಅಂತ ಬರೆಸಿ ಕೊಡ್ತಾನೆ. ಅಪ್ಪ ನಾನು, ಅಮ್ಮ ಇವಳು. ಮುಗೀತು."

ರಶ್ಮಿ ನಕ್ಕಳು. "ದೊಡ್ಡಮ್ಮನಿಗೆ ಹೆರಿಗೆ ಆಗಿದ್ದು ಪೇಟೆಗೆ ಗೊತ್ತಾಗ್ಲೇ ಇಲ್ವಾ ದೊಡ್ಡಪ್ಪ? ನಿಮ್ಮ ಅಂಗಡಿಗೆ ಗಮ್‌ಬೂಟ್ ಸ್ಟಾಕ್ ಬಂದ್ರೂ ಗೊತ್ತಾಗ್ತದೆ."

ಪ್ರೇಮಕುಮಾರಿ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ತಟ್ಟೆಯಲ್ಲಿಟ್ಟಳು. ರಶ್ಮಿಗೆ ಹೇಳಬಾರದ್ದು ಹೇಳಿದೆ ಅನ್ನಿಸಿರಬೇಕು. "ಅಲ್ಲ ದೊಡ್ಡಮ್ಮ, ಅದು ಕಳ್ಳ ಕಾಗದ ಆಗ್ತದೆ. ನಾಳೆ ಸಿಕ್ಕಿಬಿದ್ರೆ ಅವಳಿಗೇ ತೊಂದ್ರೆ. ಇದಕ್ಕೆ ಅಂತಲೇ ಕಾನೂನು ಉಂಟು. ಚಿಕ್ಕಮಗಳೂರಲ್ಲಿ ಮಕ್ಕಳ ಸಮಿತಿ ಅಂತ ಇದೆ, ಅಲ್ಲಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬೇಕು," ಎಂದಳು.

"ಇದ್ದದ್ದು ಇದ್ದ ಹಾಗೆ ಹೇಳಿದವ್ರು ಯಾರೂ ಉದ್ಧಾರ ಆಗಿಲ್ಲ ಮಾರಾಯ್ತಿ," ಎಂದರು ಪ್ರಸನ್ನಕುಮಾರ್.

ಸಾವಿತ್ರಮ್ಮ ಮಜ್ಜಿಗೆ ಕೇಳಿದರು. ಮೇಘಶ್ರೀ ಒಳಗಿನಿಂದ ಪಾತ್ರೆ ತಂದು ಎಲ್ಲರ ಲೋಟಕ್ಕೂ ಬಗ್ಗಿಸಿದಳು. ಅವಳ ಊಟ ಯಾವಾಗಲೂ ಕೊನೆಗೆ, ಬಡಿಸಿದ ಮೇಲೆ. ಪ್ರೇಮಕುಮಾರಿಯದ್ದೂ ಮೊದಲು ಹಾಗೇ ಇತ್ತು. ಮಗು ಬಡಿಸಲು ಕಲಿತ ಮೇಲೆ ಆಕೆ ಗಂಡನ ಜೊತೆಗೇ ಕೂರತೊಡಗಿದ್ದಳು.

"ಎಂತಕ್ಕೆ ಕಾಗದ?" ಎಂದರು ಸಾವಿತ್ರಮ್ಮ. "ಅನ್ನ ಹಾಕೋಕೆ ಕಾಗದ ಬೇಕಾ?"

"ಲಿಂಗ ಕಟ್ಸೋಕೆ ಕಾಗದ ಆಗ್ಲಿ ಅಂದದ್ದು ನೀವೇ ಅಲ್ವಾ ಅತ್ತೆ?" ಎಂದಳು ಪ್ರೇಮಕುಮಾರಿ.

ಅದು ನಿಜ. ಮಗು ಬಂದ ಎರಡನೇ ವರ್ಷವೇ ಅಯ್ಯನವರನ್ನು ಕರೆಸಿ ಲಿಂಗಧಾರಣೆ ಮಾಡಿಸೋಣ ಎಂದು ಪ್ರೇಮಕುಮಾರಿ ಕೇಳಿಕೊಂಡಿದ್ದಳು. ಮೊದಲು ಕಾಗದ ಆಗಲಿ ಎಂದು ಸಾವಿತ್ರಮ್ಮ ಒಪ್ಪಿರಲಿಲ್ಲ. ನಾಳೆ ಇವಳಪ್ಪ ಎಂಬುವನು ಬಂದು ಕರೆದುಕೊಂಡು ಹೋದರೆ ಲಿಂಗ ಬಿಚ್ಚಿಸಿಕೊಂಡು ಕಳಿಸ್ತೀಯಾ ಎಂದು ಕೇಳಿದ್ದರು.

"ನೇರವಾದ ಕಾಗದವೇ ಆಗ್ಲಿ," ಎಂದಳು ಪ್ರೇಮಕುಮಾರಿ ಈಗ. "ನಾಳೆ ಯಾರೂ ಬಂದು ಇವಳು ಯಾರು ಅಂತ ಕೇಳಬಾರದು."

ಆ ಮನೆಯಲ್ಲಿ ಸಂತೆಯಿಂದ ಯಾವ ತರಕಾರಿ ತರುವುದು ಎಂಬುದನ್ನೂ ಆಕೆ ಒಬ್ಬಳೇ ತೀರ್ಮಾನಿಸಿದವಳಲ್ಲ. ಇದನ್ನು ತೀರ್ಮಾನಿಸಿದಳು.

ಮುಂದಿನ ಬುಧವಾರ ಆಕೆ ರಶ್ಮಿಯ ಜೊತೆ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದಳು. ಸಮಿತಿಯ ಕಚೇರಿಯಲ್ಲಿದ್ದ ಹೆಂಗಸು ಒಳ್ಳೆಯವರು. ಎಲ್ಲವನ್ನೂ ಕೇಳಿ ಬರೆದುಕೊಂಡರು. "ಐದು ವರ್ಷ ಯಾಕಮ್ಮ ಸುಮ್ನಿದ್ರಿ? ದಿಕ್ಕಿಲ್ಲದ ಮಗು ಸಿಕ್ಕಿದ್ರೆ ಒಂದು ದಿನದೊಳಗೆ ತಿಳಿಸ್ಬೇಕು, ಕಾನೂನು ಇದೆ," ಎಂದರು.

"ಗೊತ್ತಿರ್ಲಿಲ್ಲ ಮೇಡಂ. ಮಗು ಮಲಗಿತ್ತು. ಎಬ್ಬಿಸಿ ಊಟ ಹಾಕಿದೆ. ಹಾಗೇ ಆಗಿಹೋಯ್ತು."

"ನಮ್ಮವರು ಮನೆಗೆ ಬರ್ತಾರೆ. ಮನೆ ನೋಡ್ತಾರೆ, ಹುಡುಗಿ ಹತ್ರ ಮಾತಾಡ್ತಾರೆ. ಆಮೇಲೆ ಮುಂದಿನ ಮಾತು."

ಹಿಂದಿರುಗುವ ಬಸ್ಸಿನಲ್ಲಿ ಪ್ರೇಮಕುಮಾರಿ ಆ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದಳು. ಮನೆ ನೋಡ್ತಾರೆ, ಹುಡುಗಿ ಹತ್ರ ಮಾತಾಡ್ತಾರೆ. ಜೀವನದಲ್ಲಿ ಅವಳಿಗೆ ಗೊತ್ತಿದ್ದ ಅಂಥ ಭೇಟಿ ಒಂದೇ. ಇಪ್ಪತ್ತಾರು ವರ್ಷದ ಹಿಂದೆ ಮಾವ ಸೋಮಶೇಖರಪ್ಪ, ಸಾವಿತ್ರಮ್ಮ ಹೆಣ್ಣು ನೋಡಲು ಅವಳ ತವರಿಗೆ ಬಂದು ಚಾಪೆಯ ಮೇಲೆ ಕೂತು ಅವಳನ್ನು ಪ್ರಶ್ನೆ ಕೇಳಿದ್ದು. ಅಂದು ತಾಯಿ ಅವಳಿಗೆ ಏನು ಕಲಿಸಿದ್ದಳೋ ಅದನ್ನೇ ಅವಳು ಮೇಘಶ್ರೀಗೆ ಕಲಿಸಿದಳು.

ಮಾರ್ಚ್ ಮೊದಲ ವಾರ, ಶಾಲೆಯಿಂದ ಬಂದ ಕೂಡಲೇ ಹಿತ್ತಲ ಮೆಟ್ಟಿಲ ಮೇಲೆ ಪಾಠ.

"ಏನೇನು ಕೆಲಸ ಬರ್ತದೆ ಅಂತ ಕೇಳಿದ್ರೆ?"

"ಎಲ್ಲ ಬರ್ತದೆ."

"ಹಾಗಲ್ಲ. ಒಂದೊಂದೇ ಹೇಳ್ಬೇಕು. ಬೆಳಿಗ್ಗೆಯಿಂದ ಶುರು ಮಾಡು. ತಲೆ ತಗ್ಗಿಸಬೇಡ, ಗೊಣಗಬೇಡ."

"ರೊಟ್ಟಿ ತಟ್ಟೋದು ಹೇಳ್ಲಾ?"

"ಹೇಳು."

"ಹರಿದು ಹೋಗ್ತದಲ್ಲಮ್ಮ."

"ಅದನ್ನ ಹೇಳ್ಬೇಡ. ಏನು ಬೇಕು ನಿಂಗೆ ಅಂತ ಕೇಳಿದ್ರೆ?"

"ಏನೂ ಬೇಡ ಅನ್ನೋದು."

"ಹಾಂ. ಅದು ಬೇಕು ಇದು ಬೇಕು ಅಂದ್ರೆ ಈ ಮನೇಲಿ ಸರಿಯಾಗಿ ಕಲಿಸಿಲ್ಲ ಅಂತಾರೆ."

ಸಾವಿತ್ರಮ್ಮ ಒಳಗಿಂದಲೇ ಕೂಗಿದರು, "ಬಂದವ್ರು ಬೇಡ ಅಂದ್ರೂ ಎರಡನೇ ಸಲ ಕಾಫಿ ಕೇಳ್ಬೇಕು ಅಂತ ಹೇಳು. ನೀನು ನನ್ನನ್ನ ಕೇಳ್ಲೇ ಇಲ್ಲ ಅವತ್ತು."

"ಇನ್ನೂ ನೆನಪಿಟ್ಕೊಂಡಿದೀರಾ ಅತ್ತೆ?"

"ಮರೆಯೋ ಕಾಫಿಯಾ ಅದು? ಬೆಲ್ಲದ ನೀರು."

ಮೇಘಶ್ರೀ ಬಾಯಿ ಮುಚ್ಚಿಕೊಂಡು ನಕ್ಕಳು. ಮರುದಿನದ ಪ್ರಾಕ್ಟಿಕಲ್ ಪರೀಕ್ಷೆಗೆಂದು ಚೀಲ ಹಿಡಿದು ಹೊರಟಿದ್ದ ರಶ್ಮಿ ಬಾಗಿಲಲ್ಲಿ ನಿಂತಳು. "ಇದೆಂತ ದೊಡ್ಡಮ್ಮ, ಹೆಣ್ಣು ನೋಡೋ ಶಾಸ್ತ್ರನಾ? ಒಂದು ಹಾಡೂ ಕಲಿಸಿಬಿಡಿ. ಕಾಲು ಕುಂಟಲ್ಲ ಅಂತ ನಡೆಸಿ ತೋರ್ಸಿ," ಎಂದು ನಗುತ್ತಾ ಬಸ್ಸಿಗೆ ಓಡಿದಳು. ಈ ಪಾಠ ಎಲ್ಲಿಗೆ ಮುಟ್ಟುತ್ತದೆ ಎಂದು ಅವಳಿಗೂ ಆಗ ಹೊಳೆಯಲಿಲ್ಲ.

ಬಂದವರು ಇಬ್ಬರು. ಮಧ್ಯವಯಸ್ಸಿನ ಮೇಡಂ ಒಬ್ಬರು, ಫೈಲು ಹಿಡಿದ ಯುವಕ ಒಬ್ಬ. ಮೇಘಶ್ರೀ ಹಸಿರು ಫ್ರಾಕು ಹಾಕಿಕೊಂಡು, ತಟ್ಟೆಯಲ್ಲಿ ಕಾಫಿ ತಂದು, ಒಂದು ಹನಿ ಚೆಲ್ಲದೆ ಕೊಟ್ಟಳು. ಎರಡನೇ ಸಲವೂ ಕೇಳಿದಳು. ಮೇಡಂ ಬೇಡ ಪುಟ್ಟಾ ಎಂದರು. ಆಮೇಲೆ ಮಗುವಿನ ಜೊತೆ ಒಂಟಿಯಾಗಿ ಮಾತಾಡಬೇಕು ಎಂದು ತಾರಸಿಗೆ ಹೋದರು. ಪ್ರೇಮಕುಮಾರಿ ಮೆಟ್ಟಿಲ ಕೆಳಗೆ ನಿಂತಳು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ದಿನಾ ಏನು ಮಾಡ್ತೀಯ ಪುಟ್ಟಾ?"

ಮೇಘಶ್ರೀ ಗಂಟಲು ಸರಿಮಾಡಿಕೊಂಡಳು. "ಐದೂವರೆಗೆ ಏಳ್ತೀನಿ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡ್ತೀನಿ. ರಾತ್ರಿ ಊಟದ ಪಾತ್ರೆ ತೊಳೀತೀನಿ. ಅಜ್ಜಿಗೆ ಬಿಸಿನೀರು ಕೊಡ್ತೀನಿ, ಕಣ್ಣಿಗೆ ಡ್ರಾಪ್ಸ್ ಹಾಕ್ತೀನಿ, ಅಮ್ಮ ಹಾಕಿದ್ರೆ ಅಜ್ಜಿಗೆ ಉರೀತದೆ. ಶಾಲೆಯಿಂದ ಬಂದು ತಾರಸೀಲಿ ಒಣಗೋಕೆ ಹಾಕಿದ ಮೆಣಸನ್ನ ಕಾಲಲ್ಲಿ ಆಡಿಸ್ತೀನಿ. ಅಂಗಡೀಲಿ ಚೀಲ ಮಡಚಿ ಹತ್ತು ಹತ್ತು ಕಟ್ತೀನಿ. ಅಪ್ಪಾಜಿ ಊಟಕ್ಕೆ ಬಂದ್ರೆ ಅಂಗಡಿ ನೋಡ್ಕೊಳ್ತೀನಿ. ರೊಟ್ಟಿ ತಟ್ತೀನಿ. ಅಜ್ಜಿ ಕಾಲು ಒತ್ತುತೀನಿ."

"ಶಾಲೆ ತಪ್ಪಿಸ್ತೀಯಾ?"

"ಇಲ್ಲ. ಮೆಣಸು ಕೊಯ್ಯೋವಾಗ ಮಾತ್ರ. ನಾಲ್ಕು ದಿನ."

"ಎಲ್ಲಿ ಮಲಗ್ತೀಯ?"

"ಅಜ್ಜಿ ಮಂಚದ ಹತ್ರ ಕೆಳಗೆ. ಅಜ್ಜಿ ಕರೆದ್ರೆ ಕೇಳ್ಬೇಕಲ್ಲ."

"ದೇವರ ಪೂಜೆಗೆ ಎಲ್ಲರ ಜೊತೆ ಕೂರ್ತೀಯಾ?"

"ನಂಗೆ ಇನ್ನೂ ಲಿಂಗ ಕಟ್ಟಿಲ್ಲ. ಕಾಗದ ಆದ್ಮೇಲೆ ಕಟ್ತಾರೆ."

"ನಿಂಗೆ ಏನಾದ್ರೂ ಬೇಕಾ ಪುಟ್ಟಾ?"

"ಏನೂ ಬೇಡ."

ಕೆಳಗೆ ನಿಂತಿದ್ದ ಪ್ರೇಮಕುಮಾರಿಗೆ ಎದೆ ತುಂಬಿ ಬಂತು. ಒಂದನ್ನೂ ತಪ್ಪಿಸದೆ ಹೇಳಿತು ನನ್ನ ಮಗು ಎಂದುಕೊಂಡಳು. ಮೇಡಂ ಇಳಿದು ಬಂದಾಗ ಅವರ ಮುಖ ನೋಡಿ, ಬಿಸಿಲಿಗೆ ಸುಸ್ತಾಗಿರಬೇಕು ಎಂದು ನೀರು ಕೊಟ್ಟಳು.

ಹತ್ತು ದಿನಕ್ಕೆ ಕರೆ ಬಂತು. ಮಗುವನ್ನು ಸಮಿತಿಯ ಮುಂದೆ ಕರೆತರಬೇಕು. ಕಾಗದ ಕೊಡಲು ಎಂದೇ ಎಲ್ಲರೂ ತಿಳಿದರು. ಪ್ರೇಮಕುಮಾರಿ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದಳು. ಬಸ್ಸಿನ ತಿರುವುಗಳಲ್ಲಿ ಮೇಘಶ್ರೀ ಎರಡು ಸಲ ವಾಂತಿ ಮಾಡಿಕೊಂಡಳು. ಫ್ರಾಕಿಗೆ ಬೀಳದ ಹಾಗೆ ಪ್ರಸನ್ನಕುಮಾರ್ ತಮ್ಮ ಕರವಸ್ತ್ರ ಹಿಡಿದುಕೊಂಡಿದ್ದರು.

ಸಮಿತಿಯ ಕೋಣೆಯಲ್ಲಿ ಮೇಜಿನ ಹಿಂದೆ ಮೂವರಿದ್ದರು. ನಡುವೆ ಕೂತಿದ್ದ ಹಿರಿಯ ಹೆಂಗಸು ಮೆಲ್ಲಗೆ ಓದಿ ಹೇಳಿದರು. ವಿಚಾರಣೆ ಮುಗಿಯುವವರೆಗೆ ಮಗು ಬಾಲಮಂದಿರದಲ್ಲಿ ಇರಬೇಕು.

ಪ್ರಸನ್ನಕುಮಾರ್ ಎದ್ದು ನಿಂತರು. "ನಾವಾಗಿ ಬಂದು ಹೇಳಿದ್ದಕ್ಕಾ ಇದು? ಬಚ್ಚಿಟ್ಟಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ!"

"ನೀವು ಬಂದು ಹೇಳಿದ್ದು ಒಳ್ಳೇದೇ ಸರ್. ನೀವು ಕೆಟ್ಟವ್ರು ಅಂತ ನಾವು ಬರೆದಿಲ್ಲ. ಮಗು ಹೇಳಿದ್ದನ್ನ ಬರೆದಿದ್ದೀವಿ. ಹದಿನಾಲ್ಕು ತುಂಬದ ಮಗು ಹತ್ರ ಮನೆಗೆಲಸ, ಅಂಗಡಿ ಕೆಲಸ ಮಾಡಿಸೋ ಹಾಗಿಲ್ಲ."

"ಮನೆ ಮಗಳು ಮೇಡಂ ಅವಳು!" ಎಂದಳು ಪ್ರೇಮಕುಮಾರಿ. "ಮನೆ ಮಗಳು ಮಾಡಲ್ವಾ?"

"ಮಗಳು ಅಂತ ಎಲ್ಲಿದೆಯಮ್ಮ?" ಎಂದರು ಅವರು. ಕಟುವಾಗಿ ಕೇಳಲಿಲ್ಲ. ನಿಜವಾಗಿಯೂ ಎಲ್ಲಾದರೂ ಇದೆಯೇನೋ ಎಂಬಂತೆ ಕೇಳಿದರು.

ಮೇಘಶ್ರೀ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಏನೋ ಕೆಟ್ಟಿದೆ ಎಂದು ಅವಳಿಗೆ ತಿಳಿಯಿತು. ಪ್ರೇಮಕುಮಾರಿಯ ಸೆರಗು ಎಳೆದು ಕಿವಿಯಲ್ಲಿ ಕೇಳಿದಳು, "ಅಮ್ಮಾ, ಬಟ್ಟೆ ಒಗೆಯೋದು ಹೇಳೋಕೆ ಮರೆತೆ. ಅದಕ್ಕಾ?"

ಪ್ರೇಮಕುಮಾರಿ ಉತ್ತರ ಕೊಡುವಷ್ಟರಲ್ಲಿ ಮಗು ಮೇಜಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿತು, "ಮೇಡಂ, ನಂಗೆ ಬಟ್ಟೆ ಒಗೆಯೋಕೂ ಬರ್ತದೆ. ಬೆಡ್‌ಶೀಟೂ ಒಗೀತೀನಿ."

ಹಿರಿಯ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗುವನ್ನು ಅಲ್ಲಿಂದಲೇ ಬಾಲಮಂದಿರಕ್ಕೆ ಕರೆದುಕೊಂಡು ಹೋದರು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ದೊಡ್ಡ ಜಗಳವೇನೂ ಆಗಲಿಲ್ಲ. ಸಣ್ಣ ಸಣ್ಣವೇ ಆದವು, ದಿನಕ್ಕೆ ಮೂರು ನಾಲ್ಕು. ಬೆಳಿಗ್ಗೆ ಬಿಸಿನೀರು ತಡವಾಗುತ್ತಿತ್ತು. ಅಂಗಡಿಯಲ್ಲಿ ಚೀಲಗಳು ಮಡಚದೆ ರಾಶಿ ಬಿದ್ದವು. ಪ್ರಸನ್ನಕುಮಾರ್ ಊಟಕ್ಕೆ ಬರುವಾಗ ಷಟರ್ ಎಳೆದು ಬರಬೇಕಾಯಿತು, ಬಂದ ಗಿರಾಕಿ ವಾಪಸ್ ಹೋದರು. ಮೆಣಸು ಒಂದೇ ಬದಿ ಒಣಗಿತು. ಸಾವಿತ್ರಮ್ಮ ಡ್ರಾಪ್ಸಿನ ಸೀಸೆ ಹಿಡಿದು ಕೂತು, "ನಿನ್ನ ಕೈ ಭಾರ ಪ್ರೇಮಾ, ಅದರ ಕೈ ಎಷ್ಟು ಹಗುರ ಇತ್ತು," ಎಂದು ಅತ್ತರು.

ಪ್ರೇಮಕುಮಾರಿ ಎಲ್ಲವನ್ನೂ ತಾನೇ ಮಾಡತೊಡಗಿದಳು. ಬೆಳಿಗ್ಗೆ ಐದೂವರೆಗೆ ಶುರು ಮಾಡಿದರೆ ಎಂಟಾದರೂ ಮುಗಿಯುತ್ತಿರಲಿಲ್ಲ. ಒಂದು ದಿನ ತಾರಸಿಯಲ್ಲಿ ಮೆಣಸಿನ ನಡುವೆ ನಿಂತಾಗ ಬೆನ್ನು ಹಿಡಿದುಕೊಂಡಿತು. ಈ ಬಿಸಿಲಿನಲ್ಲಿ ಆ ಮಗು ಬರಿಗಾಲಲ್ಲಿ ನಡೆದಾಡುತ್ತಿತ್ತು. ಅಂಗಡಿ ತುಂಬ ಗಮ್‌ಬೂಟು ಇತ್ತು, ಮಕ್ಕಳ ಅಳತೆಯದ್ದೂ ಇತ್ತು. ಒಂದು ಜೊತೆ ಕೊಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ರಶ್ಮಿ ಕಾನೂನಿನ ಪುಸ್ತಕ ತಂದು ಓದಿ ಹೇಳಿದಳು. "ನೋಡಿ, ಸ್ವಂತ ಮನೆಯವ್ರಿಗೆ ಮಗು ಸ್ವಲ್ಪ ಸಹಾಯ ಮಾಡಿದ್ರೆ ತಪ್ಪಲ್ಲ ಅಂತ ಇದೆ. ಶಾಲೆಗೆ ತೊಂದ್ರೆ ಆಗ್ಬಾರದು ಅಷ್ಟೇ. ಮಗಳಾದ್ರೆ ಸಹಾಯ. ಮಗಳಲ್ಲದಿದ್ರೆ ದುಡಿಮೆ."

"ಹಾಗಾದ್ರೆ ಮಗಳು ಅಂತ ಬರೆದು ಕೊಡ್ಲಿ!" ಎಂದರು ಪ್ರಸನ್ನಕುಮಾರ್.

"ನಾವು ಬರೆಸ್ಕೊಂಡಿದ್ವಾ ದೊಡ್ಡಪ್ಪ? ಐದು ವರ್ಷ ಇತ್ತಲ್ಲ."

"ನೀನೇ ಅಲ್ವಾ ಅಲ್ಲಿಗೆ ಕರ್ಕೊಂಡು ಹೋದದ್ದು!" ಎಂದರು ಸಾವಿತ್ರಮ್ಮ. "ದೊಡ್ಡ ಲಾಯರು."

"ಅಜ್ಜಿ, ಒಂಬತ್ತು ವರ್ಷದವಳಿದ್ದಾಗ ನಾನು ಈ ಮನೆಗೆ ರಜೆಗೆ ಬರ್ತಿದ್ದೆ. ನಿಮ್ಮ ಕಾಲು ಒತ್ತಿದ್ನಾ? ನೆಲದ ಮೇಲೆ ಮಲಗಿದ್ನಾ?"

"ನೀನೆಲ್ಲಿ ಒತ್ತುತೀಯ. ಅದಕ್ಕೆ ಪ್ರೀತಿ ಇತ್ತು, ಒತ್ತಿತು."

"ಒತ್ತಲ್ಲ ಅನ್ನೋ ಧೈರ್ಯ ಇತ್ತಾ ಅದಕ್ಕೆ?"

ಸಾವಿತ್ರಮ್ಮ ತಟ್ಟೆ ಸರಿಸಿ ಎದ್ದರು. ಆ ದಿನ ಕಡುಬು ಮಾಡಿದ್ದರು. ಯಾರೂ ಸರಿಯಾಗಿ ತಿನ್ನಲಿಲ್ಲ. ಪಾತ್ರೆ ತೊಳೆಯುವಾಗ ಪ್ರೇಮಕುಮಾರಿ ರಶ್ಮಿಗೆ ಬೈದಳು, "ವಯಸ್ಸಾದವರ ಹತ್ರ ಹಾಗೆ ಮಾತಾಡ್ಬೇಡ." ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು, "ನಾನು ಅವಳ ಕೈಲಿ ಮಾಡಿಸಿದ್ದು ಕಲೀಲಿ ಅಂತ. ನಮ್ಮಮ್ಮ ನನ್ನ ಕೈಲೂ ಮಾಡಿಸಿದ್ಲು."

"ಗೊತ್ತು ದೊಡ್ಡಮ್ಮ."

"ಆದ್ರೆ ಅವಳು ಬಂದ್ಮೇಲೆ ನಾನು ಮಾಡೋದು ಕಮ್ಮಿ ಆಗಿತ್ತು. ಅದೂ ನಿಜ."

ರಶ್ಮಿ ತೊಳೆದ ತಟ್ಟೆಗಳನ್ನು ಒರೆಸಿ ಇಟ್ಟಳು.

ಏಪ್ರಿಲ್‌ನಲ್ಲಿ ಒಂದು ಶನಿವಾರ ನೋಡಲು ಬಿಟ್ಟರು, ಅರ್ಧ ಗಂಟೆ. ಮೇಘಶ್ರೀಯ ಕೂದಲು ಗಿಡ್ಡ ಮಾಡಿದ್ದರು. ಕೆನ್ನೆ ತುಂಬಿತ್ತು.

"ಇಲ್ಲಿ ಆರೂವರೆವರೆಗೂ ಮಲಗ್ಬಹುದು ಅಮ್ಮ," ಎಂದಳು. "ನಮ್ಮ ತಟ್ಟೆ ಮಾತ್ರ ನಾವು ತೊಳೆಯೋದು. ಬೇರೆಯವ್ರದ್ದು ತೊಳೆದ್ರೆ ಬೈತಾರೆ."

"ಹೌದಾ?"

"ಮಂಚ ಇದೆ. ಮೇಲಿನದ್ದು ನಂದು. ಮೊದಲ ದಿನ ಬಿದ್ದೆ." ನಕ್ಕಳು. ಆಮೇಲೆ, "ಅಜ್ಜಿ ಕಣ್ಣಿಗೆ ಯಾರು ಹಾಕ್ತಾರೆ?"

"ನಾನೇ."

"ಮೇಲಿನ ರೆಪ್ಪೆ ಎಳೀಬೇಡಿ. ಕೆಳಗಿನದ್ದು ಎಳೆದು ಹಾಕಿ."

ಹೊರಡುವಾಗ ಅಳುತ್ತಾಳೆ ಎಂದು ಪ್ರೇಮಕುಮಾರಿ ಹೆದರಿದ್ದಳು. ಅಳಲಿಲ್ಲ. ಕೈ ಬೀಸಿ ಒಳಗೆ ಓಡಿದಳು.

ಮೇ ತಿಂಗಳಲ್ಲಿ ಸಮಿತಿಯಿಂದ ಒಳ್ಳೆಯ ಸುದ್ದಿ ಬಂತು. ದ್ಯಾವಮ್ಮನ ಕಡೆಯವರು ಪತ್ತೆಯಾಗಲಿಲ್ಲ. ಮಗುವನ್ನು ಈ ಮನೆಯಲ್ಲೇ ಪೋಷಣೆಗೆ ಬಿಡುವ ದಾರಿ ಇದೆ. ಷರತ್ತುಗಳಿವೆ. ಪ್ರತ್ಯೇಕ ಹಾಸಿಗೆ, ತಪ್ಪದೆ ಶಾಲೆ, ಕೆಲಸ ಇಲ್ಲ, ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಮನೆಯವರೆಲ್ಲ ಒಪ್ಪಿ ಸಹಿ ಹಾಕಿದರು. ಪ್ರಸನ್ನಕುಮಾರ್ ಮಂಚ ತರಿಸಿದರು. ಪ್ರೇಮಕುಮಾರಿ ಹಾಸಿಗೆಗೆ ಹೂವಿನ ಚಾದರ ಹಾಕಿದಳು. ಸಾವಿತ್ರಮ್ಮ ತಾವೇ ಫೋನು ಮಾಡಿಸಿ ಅಯ್ಯನವರ ಹತ್ತಿರ ಲಿಂಗಧಾರಣೆಗೆ ದಿನ ಕೇಳಿದರು. "ಕಾಗದ ಬರೋವರೆಗೆ ಕಾಯೋದು ಬೇಡ. ನಂದೇ ತಪ್ಪು," ಎಂದರು. ಆ ಮಾತು ಆ ಬಾಯಿಂದ ಮನೆಯವರು ಕೇಳಿದ್ದು ಅದೇ ಮೊದಲು.

ಗೊತ್ತು ಮಾಡಿದ ದಿನ ಸಾವಿತ್ರಮ್ಮನೂ ಬಸ್ಸಿನಲ್ಲಿ ಬಂದರು. ಮೂವರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮೇಘಶ್ರೀಯನ್ನು ಒಬ್ಬಳನ್ನೇ ಒಳಗೆ ಕರೆದರು. ಮಗುವಿನ ಮಾತು ಕೇಳದೆ ತೀರ್ಮಾನ ಮಾಡುವಂತಿಲ್ಲ, ಅದೂ ಕಾನೂನೇ. ಕಾಲು ಗಂಟೆಯಾದ ಮೇಲೆ ಆ ಹಿರಿಯ ಹೆಂಗಸು ತಾವೇ ಎದ್ದು ಹೊರಗೆ ಬಂದರು.

"ಇಲ್ಲೇ ಇರ್ತೀನಿ ಅಂತಾಳೆ," ಎಂದರು.

ಪ್ರೇಮಕುಮಾರಿಗೆ ಅರ್ಥವಾಗಲಿಲ್ಲ. "ಎಲ್ಲಿ?"

"ಬಾಲಮಂದಿರದಲ್ಲೇ. ಎರಡು ಸಲ ಬೇರೆ ಬೇರೆ ಥರ ಕೇಳಿದ್ವಿ. ಅದನ್ನೇ ಹೇಳಿದ್ಲು."

"ಮಂಚ ತಂದಿದೀವಿ ಅಂತ ಹೇಳಿದ್ರಾ?" ಎಂದು ಕೇಳಿದರು ಪ್ರಸನ್ನಕುಮಾರ್.

"ಹೇಳಿದ್ವಿ."

"ಯಾಕಂತೆ?"

"ಯಾಕೆ ಅಂತ ಹೇಳ್ತಿಲ್ಲ. ಒತ್ತಾಯ ಮಾಡೋಕಾಗಲ್ಲ."

"ನಾನೊಂದ್ಸಲ ಕೇಳ್ತೀನಿ ಮೇಡಂ," ಎಂದು ಪ್ರೇಮಕುಮಾರಿ ಎದ್ದಳು. "ಒಂದೇ ಸಲ. ಬಾಗಿಲಲ್ಲೇ ನಿಂತು ಕೇಳ್ತೀನಿ."

ಹಿರಿಯ ಹೆಂಗಸು ಅವಳ ತೋಳು ಹಿಡಿದು ಕೂರಿಸಿದರು. "ಬೇಡಮ್ಮ. ನೀವು ಕೇಳಿದ್ರೆ, ನಿಮಗೆ ಯಾವುದು ಬೇಕೋ ಆ ಉತ್ತರವನ್ನೇ ಹೇಳ್ತಾಳೆ."

ಮಗುವನ್ನು ಇನ್ನೊಂದು ಬಾಗಿಲಿನಿಂದ ಕರೆದುಕೊಂಡು ಹೋದರು. ಸಾವಿತ್ರಮ್ಮ, "ಹೋಯ್ತಾ? ಮುಖ ತೋರಿಸ್ಲೇ ಇಲ್ವಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಪ್ರಸನ್ನಕುಮಾರ್ ತಾಯಿಯನ್ನು ಎಬ್ಬಿಸಿದರು. ಮಧ್ಯಾಹ್ನದ ಕಳಸದ ಬಸ್ಸಿಗೆ ಇನ್ನೂ ಸಮಯವಿತ್ತು, ಆದರೂ ಹೊರಟರು.

ಆರು ತಿಂಗಳಿಗೆ ಮತ್ತೊಮ್ಮೆ ಕೇಳಿ ನೋಡುತ್ತಾರಂತೆ. ಮೇಘಶ್ರೀ ಹಾಗೆ ಯಾಕೆ ಹೇಳಿದಳು ಎಂಬುದು ನನಗೆ ಗೊತ್ತಿಲ್ಲ. ಪ್ರೇಮಕುಮಾರಿಗೂ ಗೊತ್ತಿಲ್ಲ. ಅವಳು ಆ ಮನೆಯಲ್ಲಿ ಮಗಳಾಗಿ ಇದ್ದಳೋ ಅಲ್ಲವೋ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇಷ್ಟು ಹೇಳಿದ ಮೇಲೂ, ನಾನು ಉತ್ತರ ಹೇಳಲಾರೆ.